ನಿಷೇಧಾಜ್ಞೆಯೂ ನಾಗರಿಕನೂ

ಗೌರಿಬಿದನೂರಿಗೆ ಸಮೀಪದಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿರುವ ವಿದುರಾಶ್ವತ್ಥವು, ಮಹಾಭಾರತದ ವಿದುರನೇ ನೆಟ್ಟನೆಂದು ಜನರು ನಂಬಿದ್ದ ಅರಳಿಯ ಮರದಿಂದಲೂ, ಸಂತಾನಾರ್ಥಿಗಳಾದ ದಂಪತಿಗಳು ಹರಕೆ ಹೊತ್ತು ಪ್ರತಿಷ್ಠಿಸಿದ ಅಸಂಖ್ಯ ನಾಗರಕಲ್ಲುಗಳಿಂದಲೂ ಪ್ರಸಿದ್ಧವಾದ ಕ್ಷೇತ್ರ. 1938ರ ಏಪ್ರಿಲ್ 25ರಂದು, ಜಾತ್ರೆಯ ಕಾಲದಲ್ಲಿ, ಅಲ್ಲಿ ಸಭೆ ಸೇರಿದ್ದ ಜನಸಮೂಹದ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿಯೆಂದು ಸರ್ಕಾರ ಹೇಳಿತು. ಮೂವತ್ತಕ್ಕೂ ಮಿಗಿಲೆಂದು ಜನರು ಹೇಳಿದರು, ಇಂದಿಗೂ ಹೇಳುತ್ತಾರೆ. ಈ ಎರಡು ಲೆಕ್ಕಗಳ ನಡುವಣ ಅಂತರವು ಎಂಟು ದಶಕಗಳು ಕಳೆದರೂ ತುಂಬದೆ ಉಳಿದಿರುವುದೇ ಆ ದಿನದ ಆಡಳಿತವು ಪ್ರಜೆಗಳ ವಿಶ್ವಾಸವನ್ನು ಎಷ್ಟರಮಟ್ಟಿಗೆ ಕಳೆದುಕೊಂಡಿತ್ತೆಂಬುದಕ್ಕೆ ಸಾಕ್ಷಿ.

ಆ ಜನರು ಮಾಡಿದ ಅಪರಾಧವಾದರೂ ಯಾವುದು? ಅದಕ್ಕೆ ಎರಡು ವಾರಗಳ ಹಿಂದೆಯಷ್ಟೆ, ಮದ್ದೂರಿನ ಬಳಿಯ ಶಿವಪುರದಲ್ಲಿ, ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಕೂಡಿದ ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು, ರಾಷ್ಟ್ರಧ್ವಜವನ್ನು ಹಾರಿಸಕೂಡದೆಂಬ ಆಜ್ಞೆಯನ್ನು ಮೀರಿ ಅದನ್ನು ಹಾರಿಸಿತ್ತು. ಆ ಸುದ್ದಿ ಹಬ್ಬಿದ ಕಡೆಗಳಲ್ಲೆಲ್ಲ ಹಳ್ಳಿಯ ಜನರು ತಾವೂ ಧ್ವಜ ಹಿಡಿದು ಸಭೆ ಸೇರಲು ತೊಡಗಿದ್ದರು. ಸಭೆ ನಡೆಸಬಾರದು, ಭಾಷಣ ಮಾಡಬಾರದು ಎಂಬ ನಿಷೇಧಾಜ್ಞೆ ವಿದುರಾಶ್ವತ್ಥದಲ್ಲಿಯೂ ಜಾರಿಯಲ್ಲಿತ್ತು. ನಾನು ಈ ಪ್ರಸಂಗವನ್ನು ಮೊದಲಿಗೇ ಎತ್ತಿಕೊಂಡುದು ಕೇವಲ ಅದರ ದಾರುಣತೆಗಾಗಿಯಲ್ಲ. ದಮನದ ಯಂತ್ರವು ಕೆಲಸಮಾಡುವ ರೀತಿಯನ್ನು ಇಷ್ಟು ನಿಚ್ಚಳವಾಗಿ ತೋರಿಸುವ ನಿದರ್ಶನ ನಮ್ಮ ನಾಡಿನ ಚರಿತ್ರೆಯಲ್ಲಿ ಬೇರೊಂದಿಲ್ಲ. ಜಾತ್ರೆಗೆ ಜನ ಸೇರುವುದು ಅಪರಾಧವಲ್ಲ; ಸೇರಿದವರು ತಮ್ಮ ನಾಡಿನ ಆಡಳಿತದ ವಿಚಾರ ಮಾತನಾಡುವುದು ಸ್ವತಃ ಹಿಂಸೆಯಲ್ಲ; ಆದರೆ ಅಧಿಕಾರಿಯೊಬ್ಬನು ಒಂದು ಹಾಳೆಯ ಮೇಲೆ ಸಹಿ ಹಾಕಿದ ಕ್ಷಣದಿಂದ ಅದೇ ಜನ, ಅದೇ ಮಾತು, ಅದೇ ಸ್ಥಳವು ಕಾನೂನುಬಾಹಿರ ಕೂಟವಾಗಿ ಪರಿಣಮಿಸಿ, ಆ ಕೂಟವನ್ನು ಚದುರಿಸುವುದಕ್ಕೆ ಲಾಠಿಯೂ, ಲಾಠಿ ಸಾಲದಾದರೆ ಬಂದೂಕೂ ನ್ಯಾಯಸಮ್ಮತವೆನಿಸಿಕೊಳ್ಳುತ್ತದೆ. ಅಪರಾಧವು ಮೊದಲು ಘಟಿಸಿ ಆಜ್ಞೆ ಆಮೇಲೆ ಬಂದುದಲ್ಲ. ಆಜ್ಞೆಯೇ ಅಪರಾಧವನ್ನು ಹೆತ್ತಿತು. ಶಾಂತವಾದ ಪ್ರತಿಭಟನೆಯ ಹಕ್ಕನ್ನು ಕುರಿತು ಮಾತನಾಡುವವರು ಮೊತ್ತಮೊದಲು ವಿಚಾರಣೆಗೆ ಒಳಪಡಿಸಬೇಕಾದುದು ಜನರ ನಡತೆಯನ್ನಲ್ಲ, ಆ ಹಾಳೆಯನ್ನು.

ಆ ಹಾಳೆಗೆ ದೀರ್ಘವಾದ ವಂಶಾವಳಿಯುಂಟು. ಕಂಪನಿಯ ಆಳ್ವಿಕೆ ಮುಗಿದು ರಾಣಿಯ ಆಳ್ವಿಕೆ ಬಂದ ಹೊಸತರಲ್ಲಿ, 1861ರಲ್ಲಿ ರಚಿತವಾದ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿಯೇ ಮ್ಯಾಜಿಸ್ಟ್ರೇಟರಿಗೆ ಈ ಬಗೆಯ ಅಧಿಕಾರವನ್ನು ಕೊಡಲಾಗಿತ್ತು. 1898ರ ಸಂಹಿತೆಯಲ್ಲಿ ಅದು 144ನೆಯ ಸೆಕ್ಷನ್ನಾಗಿ, ಇಂಗ್ಲಿಷು ಬಾರದ ಹಳ್ಳಿಗರ ಬಾಯಲ್ಲಿಯೂ ಸಂಖ್ಯೆಯಿಂದಲೇ ಗುರುತಾಗುವಷ್ಟು ಪರಿಚಿತವಾಯಿತು. 1917ರ ಏಪ್ರಿಲಿನಲ್ಲಿ ಬಿಹಾರದ ಚಂಪಾರಣ್ಯದ ನೀಲಿ ಬೆಳೆಗಾರರ ಕಷ್ಟವನ್ನು ವಿಚಾರಿಸಲು ಹೋದ ಗಾಂಧೀಜಿಯವರಿಗೆ, ಜಿಲ್ಲೆಯನ್ನು ಬಿಟ್ಟು ಹೋಗಬೇಕೆಂದು ಕೊಟ್ಟ ನೋಟೀಸು ಈ ಸೆಕ್ಷನ್ನಿನ ಕೆಳಗಿನದೇ. ಅವರು ಹೋಗಲಿಲ್ಲ, ಮೋತಿಹಾರಿಯ ನ್ಯಾಯಾಲಯದಲ್ಲಿ ನಿಂತು ಆಜ್ಞೆಯನ್ನು ಮೀರಿದ್ದೇನೆಂದು ಒಪ್ಪಿಕೊಂಡು, ಶಿಕ್ಷೆಯನ್ನು ವಿಧಿಸಬಹುದೆಂದು ಹೇಳಿದರು, ಶಿಕ್ಷಿಸುವ ಧೈರ್ಯವಿಲ್ಲದೆ ಸರ್ಕಾರವೇ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು. ಆ ದಿನ ನ್ಯಾಯಾಲಯದ ಹೊರಗೆ ನೆರೆದಿದ್ದ ಸಾವಿರಾರು ರೈತರಿಗೆ, ಸರ್ಕಾರದ ಆಜ್ಞೆಯೂ ಪ್ರಶ್ನೆಗೆ ಒಳಪಡತಕ್ಕ ವಸ್ತುವೇ ಎಂಬುದು ಪ್ರಾಯಶಃ ಮೊದಲ ಬಾರಿಗೆ ಗೋಚರವಾಗಿರಬೇಕು.

ಮೈಸೂರಿನಲ್ಲಿ ಆ ಅರಿವು ಬೇರೆಯೇ ಬೆಲೆಯನ್ನು ತೆತ್ತು ಬಂದಿತು. ವಿದುರಾಶ್ವತ್ಥದ ವಾರ್ತೆ ದೇಶವನ್ನೆಲ್ಲ ಕಲಕಿತು. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದ ಫಲವಾಗಿ, ಸಂಸ್ಥಾನದ ಬಾವುಟದ ಜೊತೆಗೆ ರಾಷ್ಟ್ರಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು. ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣೆಯೂ ನಡೆಯಿತು. ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕೆಂದು ನನ್ನ ಅಪೇಕ್ಷೆ. ಏಪ್ರಿಲಿನಲ್ಲಿ ಗುಂಡಿಗೆ ಅರ್ಹವೆನಿಸಿದ್ದ ಕಾರ್ಯವು ಮೇ ತಿಂಗಳಿನಲ್ಲಿ ಅನುಮತಿಗೆ ಅರ್ಹವೆನಿಸಿತು. ಈ ನಡುವೆ ಧ್ವಜವೂ ಬದಲಾಗಿರಲಿಲ್ಲ, ಜನರೂ ಬದಲಾಗಿರಲಿಲ್ಲ. ಪ್ರಜಾಪ್ರತಿನಿಧಿ ಸಭೆಯನ್ನೂ, ಜಲವಿದ್ಯುತ್ತನ್ನೂ, ಉಕ್ಕಿನ ಕಾರ್ಖಾನೆಯನ್ನೂ ಕಂಡು ಮಾದರಿ ಸಂಸ್ಥಾನವೆಂದು ಹೊಗಳಿಸಿಕೊಂಡ ಮೈಸೂರಿನಲ್ಲಿ, ದಕ್ಷ ಆಡಳಿತಗಾರರೆಂದು ಇಂದಿಗೂ ನಾವು ಗೌರವಿಸುವ ದಿವಾನರ ಕಾಲದಲ್ಲಿ ಇದು ನಡೆಯಿತೆಂಬುದನ್ನು ಮರೆಯಬಾರದು. ದಕ್ಷತೆಯು ಪ್ರಜೆಯ ಮಾತನ್ನು ಕೇಳುವ ಸಹನೆಗೆ ಪರ್ಯಾಯವಾಗಲಾರದು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆಯೂ, 1947ರ ಸೆಪ್ಟೆಂಬರಿನಲ್ಲಿ, ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಎಂದು ಜನ ಮತ್ತೆ ಬೀದಿಗಿಳಿಯಬೇಕಾಯಿತು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಕ್ಟೋಬರಿನಲ್ಲಿ ಅಧಿಕಾರಕ್ಕೆ ಬಂದುದು ಆ ಜನರ ಕಾಲ್ನಡಿಗೆಯ ಫಲವೇ ಹೊರತು ಅರಮನೆಯ ಔದಾರ್ಯದ ಫಲವಲ್ಲ.

ಇಷ್ಟು ಅನುಭವವಿದ್ದವರೇ ಸಂವಿಧಾನವನ್ನು ಬರೆದರು. ಶಾಂತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಉಂಟೆಂದು 19ನೆಯ ವಿಧಿಯ ಮೊದಲನೆಯ ಖಂಡದಲ್ಲಿ ಸಾರಿ, ದೇಶದ ಸಾರ್ವಭೌಮತೆ, ಅಖಂಡತೆ ಮತ್ತು ಸಾರ್ವಜನಿಕ ಸುವ್ಯವಸ್ಥೆ ಇವುಗಳ ಹಿತಕ್ಕಾಗಿ ಯುಕ್ತವಾದ ನಿರ್ಬಂಧಗಳನ್ನು ಕಾನೂನಿನ ಮೂಲಕ ವಿಧಿಸಬಹುದೆಂದು ಮೂರನೆಯ ಖಂಡದಲ್ಲಿ ಹೇಳಲಾಗಿದೆ. ಹಕ್ಕು ಮೊದಲು, ನಿರ್ಬಂಧ ಆಮೇಲೆ. ಹಕ್ಕಿಗೆ ಕಾರಣ ಹೇಳಬೇಕಾಗಿಲ್ಲ, ನಿರ್ಬಂಧಕ್ಕೆ ಹೇಳಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿ, ಸಭೆ ಸೇರುವವನೇ ತನ್ನ ಸಭೆಯಿಂದ ಅಪಾಯವಿಲ್ಲವೆಂದು ರುಜುವಾತು ಮಾಡಿ ಪರವಾನಗಿ ಪಡೆಯಬೇಕೆಂದು ಬಯಸುವ ಮನೋಭಾವವು ನಮ್ಮ ಕಚೇರಿಗಳಿಂದ 1950ರ ಜನವರಿ 26ರ ಬೆಳಗ್ಗೆ ಏಕಾಏಕಿ ಹೊರಟುಹೋಗಲಿಲ್ಲ. 144ನೆಯ ಸೆಕ್ಷನ್ನೂ ಹೋಗಲಿಲ್ಲ. 1973ರ ಹೊಸ ಸಂಹಿತೆ ಅದೇ ಸಂಖ್ಯೆಯಲ್ಲಿ ಅದನ್ನು ಉಳಿಸಿಕೊಂಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163ನೆಯ ಸೆಕ್ಷನ್ನಾಗಿ ಮುಂದುವರಿದಿದೆ. ತುರ್ತು ಸಂದರ್ಭವೆಂದು ತೋರಿದರೆ ಎದುರು ಪಕ್ಷದ ಮಾತನ್ನು ಕೇಳದೆಯೇ ಮ್ಯಾಜಿಸ್ಟ್ರೇಟರು ಆಜ್ಞೆ ಹೊರಡಿಸಬಹುದು. ಅದು ಎರಡು ತಿಂಗಳವರೆಗೆ ನಡೆಯಬಹುದು. ರಾಜ್ಯ ಸರ್ಕಾರವು ಅಗತ್ಯವೆಂದು ಕಂಡರೆ ಮತ್ತೆ ಆರು ತಿಂಗಳವರೆಗೆ ಮುಂದುವರಿಸಬಹುದು. ಬೆಂಗಳೂರಿನಂಥ ನಗರದಲ್ಲಿ ಈ ಮ್ಯಾಜಿಸ್ಟ್ರೇಟರ ಅಧಿಕಾರವು ಪೊಲೀಸ್ ಕಮಿಷನರರಿಗೇ ಇರುವುದರಿಂದ, ಅಪಾಯವಿದೆಯೆಂದು ವರದಿ ಮಾಡುವ ಇಲಾಖೆ, ವರದಿಯನ್ನು ನಂಬಿ ಆಜ್ಞೆ ಮಾಡುವ ಇಲಾಖೆ, ಆಜ್ಞೆಯನ್ನು ಲಾಠಿ ಹಿಡಿದು ಜಾರಿಗೊಳಿಸುವ ಇಲಾಖೆ ಎಲ್ಲವೂ ಒಂದೇ ಆಗಿರುತ್ತದೆ.

ಈ ಅಧಿಕಾರವನ್ನು ಸುಪ್ರೀಂ ಕೋರ್ಟು ರದ್ದು ಮಾಡಿಲ್ಲ. 1961ರ ಬಾಬುಲಾಲ್ ಪರಾಟೆ ಪ್ರಕರಣದಲ್ಲಿಯೂ, 1970ರಲ್ಲಿ ಏಳು ಮಂದಿ ನ್ಯಾಯಮೂರ್ತಿಗಳು ಕೂಡಿ ವಿಚಾರಿಸಿದ ಮಧು ಲಿಮಯೆ ಪ್ರಕರಣದಲ್ಲಿಯೂ ಅದನ್ನು ಎತ್ತಿಹಿಡಿಯಿತು. ಆದರೆ ಎತ್ತಿಹಿಡಿದುದು ತುರ್ತುಸ್ಥಿತಿಯ ಆಯುಧವಾಗಿ ಮಾತ್ರ. 2020ರ ಜನವರಿಯಲ್ಲಿ, ಕಾಶ್ಮೀರದ ನಿರ್ಬಂಧಗಳನ್ನು ಕುರಿತ ಅನುರಾಧಾ ಭಸೀನ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ನ್ಯಾಯವಾದ ಅಭಿಪ್ರಾಯವನ್ನೋ ಅಹವಾಲನ್ನೋ ಅಡಗಿಸುವುದಕ್ಕೆ ಈ ಸೆಕ್ಷನ್ನನ್ನು ಬಳಸಕೂಡದೆಂದೂ, ಇಂಥ ಆಜ್ಞೆಗಳನ್ನು ಪ್ರಕಟಿಸಲೇಬೇಕೆಂದೂ, ನಿರ್ಬಂಧವು ಅಪಾಯದ ಪ್ರಮಾಣವನ್ನು ಮೀರಬಾರದೆಂದೂ ಹೇಳಿತು. ತೀರ್ಪುಗಳು ಹೀಗಿದ್ದರೂ ಚುನಾವಣೆ, ಹಬ್ಬ, ಪರೀಕ್ಷೆ, ಗಣ್ಯರ ಆಗಮನ ಎಲ್ಲಕ್ಕೂ ನಿಷೇಧಾಜ್ಞೆಯನ್ನು ಹೊರಡಿಸಿ ಅಭ್ಯಾಸವಾದ ಕೈಗೆ ಅದು ಅಸಾಧಾರಣ ಕ್ರಮವೆಂಬ ನೆನಪೇ ಉಳಿಯುವುದಿಲ್ಲ.

ಇಲ್ಲಿ ಗಂಭೀರವಾದ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ಅದನ್ನು ಎತ್ತಿದವರು ದೊಡ್ಡವರಾದುದರಿಂದ ಅದನ್ನು ಪಕ್ಕಕ್ಕೆ ಸರಿಸಿ ಮುಂದುವರಿಯುವುದು ಪ್ರಾಮಾಣಿಕತೆಯಾಗದು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಡಾಕ್ಟರ್ ಅಂಬೇಡ್ಕರರು, ಸಾಂವಿಧಾನಿಕ ಮಾರ್ಗಗಳು ತೆರೆದಿರುವಾಗ ಕಾನೂನುಭಂಗ, ಅಸಹಕಾರ, ಸತ್ಯಾಗ್ರಹಗಳನ್ನು ಕೈಬಿಡಬೇಕೆಂದು ಎಚ್ಚರಿಸಿದರು. ಪ್ರತಿಭಟನೆಯೆಂದರೆ ಸಿಡುಕುವ ಅಧಿಕಾರಸ್ಥರು, ಯಾವ ಪಕ್ಷದವರೇ ಆಗಲಿ, ಈ ಮಾತನ್ನು ಬಹಳ ಪ್ರೀತಿಯಿಂದ ಉದ್ಧರಿಸುತ್ತಾರೆ. ಆದರೆ ಶಾಂತವಾದ ಸಭೆ, ಮೆರವಣಿಗೆ, ಧರಣಿಗಳು ಆ ಎಚ್ಚರಿಕೆಯ ವ್ಯಾಪ್ತಿಗೆ ಬರುತ್ತವೆಯೆ? ಅವರೇ ಕರಡು ಮಾಡಿದ ಸಂವಿಧಾನದ 19ನೆಯ ವಿಧಿಯೊಳಗೆ ಸಭೆ ಸೇರುವ ಹಕ್ಕು ಸ್ಥಾನ ಪಡೆದಿರುವಾಗ, ಅದೇ ಸಾಂವಿಧಾನಿಕ ಮಾರ್ಗಗಳಲ್ಲೊಂದು. ಅದನ್ನು ಮುಚ್ಚುವವನೇ ಅರಾಜಕತೆಗೆ ದಾರಿ ತೆರೆಯುವವನು. ಅಂಬೇಡ್ಕರರ ಸ್ವಂತ ಬಾಳನ್ನು ನೋಡಿದರೆ ಈ ವಿವೇಕ ಇನ್ನೂ ಸ್ಪಷ್ಟವಾಗುತ್ತದೆ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಸಹಸ್ರಾರು ದಲಿತರೊಡನೆ ನಡೆದು ಹೋಗಿ ನೀರು ಮುಟ್ಟಿದವರು ಅವರೇ. ಆ ವರ್ಷದ ಡಿಸೆಂಬರಿನಲ್ಲಿ ಮತ್ತೆ ಸತ್ಯಾಗ್ರಹಕ್ಕೆಂದು ಜನ ನೆರೆದಾಗ, ವಿರೋಧಿಗಳು ನ್ಯಾಯಾಲಯದಿಂದ ತಾತ್ಕಾಲಿಕ ತಡೆಯಾಜ್ಞೆಯನ್ನು ತಂದಿದ್ದರು. ಜೈಲಿಗೆ ಹೋಗಲು ಸಿದ್ಧರಾಗಿ ಬಂದಿದ್ದ ಆ ಜನರನ್ನು ಒಪ್ಪಿಸಿ, ಅಂಬೇಡ್ಕರರು ಕೆರೆಗೆ ಇಳಿಯುವುದನ್ನು ಮುಂದೂಡಿದರು, ಆದರೆ ಮೆರವಣಿಗೆಯನ್ನು ಕೈಬಿಡಲಿಲ್ಲ. ಮೊಕದ್ದಮೆ ನಡೆಯಿತು, 1937ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ಜಯ ದೊರೆಯಿತು. ಬೀದಿಯೂ ನ್ಯಾಯಾಲಯವೂ ಅವರಿಗೆ ಪರಸ್ಪರ ವಿರೋಧಿಗಳಾಗಿರಲಿಲ್ಲ. ಬೀದಿಯಲ್ಲಿ ನಿಂತವನಿಗೆ ನ್ಯಾಯಾಲಯದ ಬಾಗಿಲು ಕಾಣುತ್ತದೆ. ಬೀದಿಯನ್ನು ಕಳೆದುಕೊಂಡವನ ಮೊಕದ್ದಮೆ ಕಡತದೊಳಗೇ ಒಣಗುತ್ತದೆ.

ನಮ್ಮ ಮಲೆನಾಡಿನ ಕಾಗೋಡು ಇದಕ್ಕೆ ಇನ್ನೊಂದು ಸಾಕ್ಷಿ. ಸಾಗರ ತಾಲೂಕಿನ ಆ ಹಳ್ಳಿಯ ದೀವರ ಸಮುದಾಯದ ಗೇಣಿದಾರರು ಒಡೆಯರಿಗೆ ಗೇಣಿಯ ಭತ್ತವನ್ನು ಅಳೆದುಕೊಡುವ ಕೊಳಗವು ನ್ಯಾಯವಾದ ಪ್ರಮಾಣಕ್ಕಿಂತ ದೊಡ್ಡದಾಗಿತ್ತು. ಅಳತೆಯ ಈ ಅನ್ಯಾಯವನ್ನು ಪ್ರಶ್ನಿಸಿದವರಿಗೆ ಹೊಲವನ್ನೇ ಬಿಡಿಸುವ ಶಿಕ್ಷೆಯಾಯಿತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದ ಆಶ್ರಯದಲ್ಲಿ 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ನೇಗಿಲು ಹೂಡಿ ಗದ್ದೆಗೆ ಇಳಿದವರನ್ನು ಪೊಲೀಸರು ತಂಡ ತಂಡವಾಗಿ ಹಿಡಿದೊಯ್ದರು. ಹೆಂಗಸರೂ ಮುಂದೆ ಬಂದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಮಿತ್ರರೂ ಜೊತೆಗೂಡಿದರು. ಜೂನ್ ತಿಂಗಳಲ್ಲಿ ಬಂದ ರಾಮಮನೋಹರ ಲೋಹಿಯಾ ಅವರನ್ನೂ ಬಂಧಿಸಲಾಯಿತು. ಆ ದಿನಗಳ ಕಾನೂನಿನ ದೃಷ್ಟಿಯಲ್ಲಿ ಗದ್ದೆಗೆ ಇಳಿದ ಉಳುವವನು ಅತಿಕ್ರಮಿ. ಅವನನ್ನು ಎಬ್ಬಿಸಿದ ಒಡೆಯನು ಹಕ್ಕುದಾರ. 1974ರಲ್ಲಿ ಭೂಸುಧಾರಣಾ ಕಾನೂನಿಗೆ ಆದ ತಿದ್ದುಪಡಿಯು ಆ ಸಂಬಂಧವನ್ನು ಮಗುಚಿಹಾಕಿ ಗೇಣಿದಾರನನ್ನೇ ಒಡೆಯನನ್ನಾಗಿ ಮಾಡಿತು. ಹೀಗೆ ಒಂದು ತಲೆಮಾರಿನ ಬಂಧಿಗಳ ಬೇಡಿಕೆಯು ಮುಂದಿನ ತಲೆಮಾರಿನ ಶಾಸನವಾಯಿತೆಂದರೆ, ಬಂಧಿಸಿದ ಅಧಿಕಾರಿಗಳು ರಕ್ಷಿಸುತ್ತಿದ್ದುದು ಸುವ್ಯವಸ್ಥೆಯನ್ನೋ ಅಥವಾ ಒಂದು ಅವ್ಯವಸ್ಥೆಯನ್ನೋ ಎಂದು ಕೇಳುವುದು ಅನುಚಿತವಾಗಲಾರದು.

ಸಮೀಪದ ಉದಾಹರಣೆಯೊಂದು ನನ್ನ ಮನಸ್ಸನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಅದರಲ್ಲಿ ನಾಯಕರಿಲ್ಲ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭವಿಷ್ಯನಿಧಿಯ ನಿಯಮಗಳನ್ನು ಬದಲಾಯಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ವಯಸ್ಸಿನವರೆಗೆ ತೆಗೆಯಲಾಗದಂತೆ ಮಾಡಿತು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆಯ ಯಂತ್ರದ ಮುಂದೆ ದುಡಿಯುವ ಹೆಂಗಸಿಗೆ ಪಿ.ಎಫ್. ಎಂದರೆ ಮುಪ್ಪಿನ ಕಾಲದ ಕನಸಲ್ಲ. ಮಗಳ ಮದುವೆ, ಮನೆಯ ಸಾಲ, ಒಂದು ಕಾರ್ಖಾನೆ ಬಿಟ್ಟು ಇನ್ನೊಂದನ್ನು ಹುಡುಕುವ ತಿಂಗಳುಗಳ ಹೊಟ್ಟೆಪಾಡು. ಏಪ್ರಿಲ್ 18ರಂದು ಹೊಸೂರು ರಸ್ತೆಯ ಕಾರ್ಖಾನೆಗಳಿಂದ ಸಾವಿರಾರು ಮಂದಿ ಹೆಂಗಸರು, ಯಾವ ಸಂಘದ ಕರೆಯೂ ಇಲ್ಲದೆ, ಯಾರ ಅನುಮತಿಯನ್ನೂ ಕೇಳದೆ ಹೊರಬಂದು ಹೆದ್ದಾರಿಯಲ್ಲಿ ಕುಳಿತರು. ಮರುದಿನ ಕಾರ್ಖಾನೆಯ ಪ್ರದೇಶಗಳಲ್ಲಿ ಲಾಠಿಯೂ ಬೀಸಿತು, ಬಸ್ಸುಗಳಿಗೆ ಬೆಂಕಿಯೂ ಬಿದ್ದಿತು. ಆ ಬೆಂಕಿಯನ್ನು ನಾನು ಸಮರ್ಥಿಸುವುದಿಲ್ಲ. ಅದೇ ದಿನ ಕೇಂದ್ರ ಸರ್ಕಾರವು ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ತಿಂಗಳುಗಟ್ಟಲೆ ಸಲ್ಲಿಸಿದ ಮನವಿಗಳಿಂದ ಆಗದುದು ಎರಡು ದಿನಗಳಲ್ಲಿ ಆಯಿತು. ಹಲವು ದಿನ ಮುಂಚಿತವಾಗಿ ಅರ್ಜಿ ಕೊಟ್ಟು, ಸಂಘಟಕರ ಹೆಸರು ವಿಳಾಸಗಳನ್ನು ಬರೆದು, ಸೇರತಕ್ಕವರ ಸಂಖ್ಯೆಯನ್ನು ನಮೂದಿಸಿ, ಷರತ್ತುಗಳಿಗೆ ಸಹಿ ಹಾಕಿದ ಹೊರತು ಸಭೆ ಸಲ್ಲದೆಂಬ ನಿಯಮದ ಕೆಳಗೆ, ಆ ಹೆಂಗಸರ ಮೊದಲ ದಿನದ ಶಾಂತವಾದ ಧರಣಿಯೂ ಅಪರಾಧವೇ ಆಗುತ್ತದೆ. ನೋವು ಅರ್ಜಿಯ ನಮೂನೆಗೆ ಕಾಯುವುದಿಲ್ಲ. ಸ್ವಯಂಸ್ಫೂರ್ತವಾದ ಸಭೆಗೆ ಎಡೆಯಿಲ್ಲದ ಕಾನೂನು, ಸಂಘಟನೆಯ ಬಲವಿಲ್ಲದವರನ್ನೇ ಮೊದಲು ಮೂಕರನ್ನಾಗಿಸುತ್ತದೆ.

ಎರಡನೆಯ ದಿನದ ಬೆಂಕಿಯ ಮಾತನ್ನು ಎತ್ತಿದ ಮೇಲೆ ಅದನ್ನು ಅಲ್ಲಿಗೇ ಬಿಡಲಾಗದು. ಸಾವಿರ ಜನರಲ್ಲಿ ಹತ್ತು ಜನರು ಕಲ್ಲೆತ್ತಿದರೆ ಆ ಹತ್ತು ಜನರ ಮೇಲೆ ಕ್ರಮ ಕೈಗೊಳ್ಳುವುದು ಪೊಲೀಸರ ಕರ್ತವ್ಯ. ಉಳಿದವರ ಹಕ್ಕು ಅದರಿಂದ ನಾಶವಾಗುವುದಿಲ್ಲ. ಕೊಲೆ ನಡೆದ ಬೀದಿಯ ನಿವಾಸಿಗಳೆಲ್ಲರನ್ನೂ ಕೊಲೆಗಾರರೆನ್ನುವ ನ್ಯಾಯ ಯಾವ ದೇಶದಲ್ಲಿಯೂ ಇಲ್ಲ. 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ, ಮಲಪ್ರಭಾ ಯೋಜನೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಚಳವಳಿಯಲ್ಲಿ ರೈತರೂ ಸತ್ತರು, ಪೊಲೀಸರೂ ಸತ್ತರು. ಯಾವ ಕಡೆಯ ಸಾವೂ ಕಡಮೆಯ ಸಾವಲ್ಲ. ಆದರೆ ಕರವು ಹೊರಲಾರದ ಹೊರೆಯಾಗಿದೆಯೆಂದು ರೈತರು ಅದಕ್ಕೆ ಮುನ್ನ ಎಷ್ಟೋ ಕಾಲದಿಂದ ಹೇಳುತ್ತಿದ್ದರು. ಶಾಂತವಾಗಿ ಹೇಳಿದುದಕ್ಕೆ ಕಿವಿಗೊಡದ ಆಡಳಿತವು, ಅಶಾಂತಿಯಾದ ಮೇಲೆ ಶಾಂತಿಯ ಉಪದೇಶ ಮಾಡುವ ಅಧಿಕಾರವನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ.

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಹಿಂದೆ ಕೇಂದ್ರ ಕಾರಾಗೃಹವಿತ್ತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಿತವಾದಾಗ, ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿ ಅಲ್ಲಿರಿಸಲಾಯಿತು. ‘ಸಂಸ್ಕಾರ’ ಚಲನಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರು 1976ರಲ್ಲಿ ಬಂಧಿತರಾಗಿ ಅದೇ ಗೋಡೆಗಳೊಳಗೆ ಸುಮಾರು ಎಂಟು ತಿಂಗಳು ಕಳೆದರು. ಆಸ್ತಮಾದಿಂದ ಜರ್ಜರಿತರಾಗಿ 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಮೇಲೆ ಯಾವ ಅಪರಾಧವೂ ರುಜುವಾತಾಗಲಿಲ್ಲ. ಉಳುವವನಿಗೆ ಭೂಮಿ ಕೊಡಿಸಿದ ದೇವರಾಜ ಅರಸರೇ ಆಗ ರಾಜ್ಯದ ಮುಖ್ಯಮಂತ್ರಿಗಳಾಗಿದ್ದರೆಂಬುದು ನೋವಿನ ಸಂಗತಿ. ಒಳ್ಳೆಯ ಕೆಲಸ ಮಾಡಿದ ಸರ್ಕಾರವೂ ತನ್ನ ವಿರೋಧಿಗಳನ್ನು ಬಂಧಿಸುವ ಅಧಿಕಾರ ಕೈಗೆ ಬಂದಾಗ ಅದನ್ನು ಬಳಸದೆ ಇರುವುದಿಲ್ಲ. ಆದುದರಿಂದಲೇ ನಾಗರಿಕನ ಹಕ್ಕು ಆಳುವವರ ಸಜ್ಜನಿಕೆಯನ್ನು ಅವಲಂಬಿಸಿರಬಾರದು.

ಆ ಕಾರಾಗೃಹವು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, ಹಳೆಯ ಜಾಗವು 2008ರಲ್ಲಿ ಫ್ರೀಡಂ ಪಾರ್ಕ್ ಆಗಿ ಸಾರ್ವಜನಿಕರಿಗೆ ತೆರೆಯಿತು. ಒಂದು ಭಾಗವನ್ನು ಧರಣಿಗಳಿಗೆಂದು ಬಿಡಲಾಯಿತು. ಅದು ಉಚಿತವಾದ ಕಾರ್ಯವೇ. ಆದರೆ 2021ರಲ್ಲಿ ಬೆಂಗಳೂರು ನಗರದ ಪ್ರತಿಭಟನೆಗಳಿಗೆ ಪರವಾನಗಿಯನ್ನು ವಿಧಿಸಿ ಹೊರಡಿಸಿದ ಆದೇಶವು, ಪ್ರತಿಭಟನೆ ನಡೆಸುವುದಾದರೆ ಅಲ್ಲಿಯೇ ನಡೆಸಬೇಕು, ಬೇರೆಲ್ಲಿಯೂ ಕೂಡದೆಂದಿತು. ಸಂಚಾರದ ತೊಂದರೆಯನ್ನು ತಾನಾಗಿ ವಿಚಾರಣೆಗೆ ಎತ್ತಿಕೊಂಡ ಹೈಕೋರ್ಟು ಕೂಡ 2022ರಲ್ಲಿ ಅದೇ ದಿಕ್ಕಿನಲ್ಲಿ ಮಧ್ಯಂತರ ಆದೇಶ ಮಾಡಿತು. ಪುರಭವನದ ಮೆಟ್ಟಿಲು, ಮೈಸೂರು ಬ್ಯಾಂಕ್ ವೃತ್ತ, ಮೌರ್ಯ ವೃತ್ತದ ಗಾಂಧಿ ಪ್ರತಿಮೆಯ ಬಳಿ ದಶಕಗಳಿಂದ ನಿಂತು ಬಂದ ಜನರು ಅಲ್ಲಿಂದ ಮರೆಯಾದರು. ಸಭೆಯ ಹಕ್ಕು ಎಂಬುದು ಜನರು ಕೂಡುವುದಕ್ಕೆ ಒಂದಿಷ್ಟು ನೆಲವನ್ನು ಪಡೆಯುವ ಹಕ್ಕು ಮಾತ್ರವಲ್ಲ. ಯಾರನ್ನು ಉದ್ದೇಶಿಸಿ ಮಾತನಾಡುತ್ತಾರೋ ಅವರ ಕಣ್ಣಿಗೆ ಬೀಳುವ, ಕಿವಿಗೆ ತಲಪುವ ಹಕ್ಕು. ನಗರದ ಯಾವುದೋ ಬಡಾವಣೆಯಲ್ಲಿ ಮನೆಗಳನ್ನು ಕೆಡವಿದರೆ ಆ ಬಡಾವಣೆಯ ವಾರ್ಡ್ ಕಚೇರಿಯ ಮುಂದೆ ನಿಲ್ಲಲಾರದ ನಿವಾಸಿಗಳು, ಹತ್ತಾರು ಮೈಲಿ ಪ್ರಯಾಣ ಮಾಡಿ ಅಂದಿನ ಕೂಲಿಯನ್ನು ಕಳೆದುಕೊಂಡು, ಬೇಲಿಯೊಳಗೆ ಕುಳಿತು ಕೂಗಿ ಹಿಂತಿರುಗಬೇಕೆಂದರೆ, ಹಕ್ಕಿನ ತಿರುಳು ಹೋಗಿ ಸಿಪ್ಪೆ ಉಳಿದಂತಾಯಿತು.

ನ್ಯಾಯಾಲಯಗಳ ಮಾತು ಈ ವಿಷಯದಲ್ಲಿ ಏಕರೂಪವಾಗಿಲ್ಲ. ಅಹಮದಾಬಾದಿನಲ್ಲಿ ಸಭೆಗೆ ಅನುಮತಿ ನಿರಾಕರಿಸಿದುದನ್ನು ಪ್ರಶ್ನಿಸಿದ ಹಿಮ್ಮತ್‌ಲಾಲ್ ಷಾ ಪ್ರಕರಣದಲ್ಲಿ, 1972ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ಸಾರ್ವಜನಿಕ ಬೀದಿಗಳಲ್ಲಿ ಸಭೆ ಸೇರುವುದನ್ನು ಸರ್ಕಾರ ನಿಯಂತ್ರಿಸಬಹುದೇ ಹೊರತು ಪೂರ್ತಿಯಾಗಿ ನಿಷೇಧಿಸಲಾಗದೆಂದು ನಿರ್ಣಯಿಸಿತು. ದೆಹಲಿಯ ಜಂತರ್ ಮಂತರ್‌ನಲ್ಲಿ ಪ್ರತಿಭಟನೆಗಳನ್ನು ಹಸಿರು ನ್ಯಾಯಮಂಡಳಿ 2017ರಲ್ಲಿ ನಿಷೇಧಿಸಿದಾಗ, ಮರುವರ್ಷ ಸುಪ್ರೀಂ ಕೋರ್ಟು ಪೂರ್ಣ ನಿಷೇಧವನ್ನು ಒಪ್ಪದೆ, ನಿವಾಸಿಗಳ ನೆಮ್ಮದಿಗೂ ಪ್ರತಿಭಟಿಸುವವರ ಹಕ್ಕಿಗೂ ಹೊಂದಿಕೆಯಾಗುವ ಮಾರ್ಗಸೂಚಿಯನ್ನು ರಚಿಸಲು ಹೇಳಿತು. ಆದರೆ 2020ರ ಅಕ್ಟೋಬರಿನಲ್ಲಿ ಶಾಹೀನ್ ಬಾಗ್ ಧರಣಿಯನ್ನು ಕುರಿತು ತೀರ್ಪಿತ್ತ ಮೂವರ ಪೀಠವು, ಸಾರ್ವಜನಿಕ ಮಾರ್ಗವನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿ ಕೂರಲಾಗದೆಂದು ಹೇಳಿದುದರ ಜೊತೆಗೆ, ಪ್ರತಿಭಟನೆಯು ಗೊತ್ತುಮಾಡಿದ ಸ್ಥಳಗಳಲ್ಲಿ ಮಾತ್ರ ನಡೆಯಬೇಕೆಂದೂ ಹೇಳಿತು. ಮೊದಲನೆಯ ಮಾತನ್ನು ನಾನು ಒಪ್ಪಬಲ್ಲೆ. ಆಸ್ಪತ್ರೆಗೆ ಹೊರಟ ರೋಗಿಗೆ, ಶಾಲೆಗೆ ಹೊರಟ ಮಗುವಿಗೆ ದಾರಿ ಬಿಡಬೇಕಾದುದು ಪ್ರತಿಭಟಿಸುವವನ ಧರ್ಮವೂ ಹೌದು. ಎಷ್ಟು ಕಾಲ, ಎಷ್ಟು ಅಗಲ, ಯಾವ ಬದಲಿ ದಾರಿ ಎಂಬುದನ್ನು ಪೊಲೀಸರೂ ಸಂಘಟಕರೂ ಕುಳಿತು ತೀರ್ಮಾನಿಸುವುದು ಅಸಾಧ್ಯವೇನಲ್ಲ. ದಸರೆಯ ಮೆರವಣಿಗೆಗೂ ಕರಗಕ್ಕೂ ಗಣೇಶನ ವಿಸರ್ಜನೆಗೂ ಪ್ರಧಾನಮಂತ್ರಿಗಳ ರೋಡ್ ಶೋಗೂ ಪ್ರತಿವರ್ಷ ಮಾಡುತ್ತಲೇ ಇದ್ದೇವೆ. ಎರಡನೆಯ ಮಾತು ಮಾತ್ರ ಐವರ ಪೀಠದ ಹಳೆಯ ತೀರ್ಪಿನೊಡನೆ ಹೇಗೆ ಹೊಂದುತ್ತದೆಂಬುದು ನನಗೆ ತಿಳಿಯದು. ಉತ್ಸವಕ್ಕೆ ತೆರೆಯುವ ಬೀದಿ ಅಹವಾಲಿಗೆ ಮುಚ್ಚುವುದಾದರೆ, ಅಡ್ಡಿಯಾಗಿರುವುದು ಸಂಚಾರವಲ್ಲ, ಅಹವಾಲೇ ಎಂದು ಜನರು ಭಾವಿಸಿದರೆ ಅವರನ್ನು ದೂರುವಂತಿಲ್ಲ.

ಹಕ್ಕಿಗೆ ನ್ಯಾಯಾಲಯದ ರಕ್ಷಣೆಯಿದೆಯಲ್ಲಾ ಎಂದು ಸಮಾಧಾನಪಟ್ಟುಕೊಳ್ಳುವವರು 2019ರ ಡಿಸೆಂಬರಿನ ಬೆಂಗಳೂರನ್ನು ಜ್ಞಾಪಿಸಿಕೊಳ್ಳಬೇಕು. ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧ 19ರಂದು ಸಭೆಗಳನ್ನು ಗೊತ್ತುಮಾಡಲಾಗಿತ್ತು; ಕೆಲವಕ್ಕೆ ಅನುಮತಿಯೂ ದೊರೆತಿತ್ತು. 18ರಂದು ಪೊಲೀಸ್ ಕಮಿಷನರರು ಮೂರು ದಿನಗಳ ನಿಷೇಧಾಜ್ಞೆಯನ್ನು ಹೊರಡಿಸಿದರು. ಕೊಟ್ಟ ಅನುಮತಿಗಳೂ ಒಂದೇ ರಾತ್ರಿಯಲ್ಲಿ ನಿರರ್ಥಕವಾದವು. ಮರುದಿನ ಪುರಭವನದ ಎದುರು, ಇತಿಹಾಸಕಾರ ರಾಮಚಂದ್ರ ಗುಹ ಅವರನ್ನು, ಅವರು ಮಾಧ್ಯಮದವರೊಡನೆ ಮಾತನಾಡುತ್ತಿದ್ದಾಗಲೇ ಎಳೆದೊಯ್ದರು. ಹಿಡಿದೊಯ್ಯಲ್ಪಟ್ಟ, ಹೆಸರು ತಿಳಿಯದ ವಿದ್ಯಾರ್ಥಿಗಳೂ ವೃದ್ಧರೂ ಅನೇಕರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಹೈಕೋರ್ಟ್ ಪೀಠವು, ಕಮಿಷನರರು ಸ್ವತಃ ವಿವೇಚಿಸಿ ಅಭಿಪ್ರಾಯಕ್ಕೆ ಬಂದುದಕ್ಕೆ ಆಧಾರವಿಲ್ಲವೆಂದು ಕಂಡು, ಆ ಆಜ್ಞೆ ಕಾನೂನಿನ ಪರೀಕ್ಷೆಯಲ್ಲಿ ನಿಲ್ಲದೆಂದು ತೀರ್ಪು ನೀಡಿತು. ತೀರ್ಪು ಬಂದುದು 2020ರ ಫೆಬ್ರವರಿಯಲ್ಲಿ. ಮೂರು ದಿನಗಳ ಆಜ್ಞೆ ಮುಗಿದು ಏಳು ವಾರಗಳು ಕಳೆದಿದ್ದವು. ನಡೆಯದ ಸಭೆಯನ್ನು ನ್ಯಾಯಾಲಯವೂ ಹಿಂದಕ್ಕೆ ಹೋಗಿ ನಡೆಸಿಕೊಡಲಾರದು.

ಆದುದರಿಂದ ಕೆಲಸವು ಆಜ್ಞೆ ಹೊರಟ ಗಂಟೆಯಲ್ಲಿಯೇ ಆರಂಭವಾಗ­ಬೇಕು. ಅದಕ್ಕೆ ಬೇಕಾದ ಸಾಧನ ಅದೇ ಸೆಕ್ಷನ್ನಿನೊಳಗೆ ಇದೆ, ಆದರೆ ಬಲ್ಲವರು ವಿರಳ. ಆಜ್ಞೆಯಿಂದ ಬಾಧಿತನಾದ ಯಾವ ವ್ಯಕ್ತಿಯೇ ಆಗಲಿ ಅದನ್ನು ರದ್ದುಪಡಿಸಬೇಕೆಂದೋ ಮಾರ್ಪಡಿಸಬೇಕೆಂದೋ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಮ್ಯಾಜಿಸ್ಟ್ರೇಟರು ಅವನನ್ನು ಖುದ್ದಾಗಿ ಅಥವಾ ವಕೀಲರ ಮೂಲಕ ಬೇಗನೆ ವಿಚಾರಿಸಬೇಕು. ತಿರಸ್ಕರಿಸುವುದಾದರೆ ಕಾರಣಗಳನ್ನು ಬರಹದಲ್ಲಿ ಕೊಡಬೇಕು. ವಕೀಲರ ಸಂಘಗಳು ಪ್ರತಿಯೊಂದು ಜಿಲ್ಲೆಯಲ್ಲಿಯೂ ಇಬ್ಬರು ಮೂವರನ್ನು ಈ ಕೆಲಸಕ್ಕೆಂದೇ ನೇಮಿಸಲಿ. ಹೈಕೋರ್ಟು ಇಂಥ ಅರ್ಜಿಗಳನ್ನು, ಬಂಧಿತನನ್ನು ಹಾಜರುಪಡಿಸುವ ಅರ್ಜಿಗೆ ಕೊಡುವ ಆದ್ಯತೆಯಿಂದಲೇ, ಆಜ್ಞೆಯ ಅವಧಿ ಮುಗಿಯುವುದರೊಳಗೆ ವಿಚಾರಣೆಗೆ ತೆಗೆದುಕೊಳ್ಳಲಿ. ಸರ್ಕಾರವು ಪ್ರತಿಯೊಂದು ನಿಷೇಧಾಜ್ಞೆಯನ್ನೂ, ಅದಕ್ಕೆ ಆಧಾರವಾದ ಸಂಗತಿಗಳ ಸಮೇತ, ಕನ್ನಡದಲ್ಲಿ, ಜಾರಿಗೆ ಬರುವ ಮುನ್ನವೇ ಪ್ರಕಟಿಸಲಿ. ಬೀದಿಗೆ ಹೊರಟವರು ಪೊಲೀಸ್ ಅಧಿಕಾರಿಯನ್ನು ಕಂಡಾಗ ಮೊದಲು ಕೇಳಬೇಕಾದುದು ಆ ಆಜ್ಞೆಯ ಪ್ರತಿಯನ್ನು. ಕೊಟ್ಟರೆ ಓದಿ, ಸಹಿ ಮಾಡಿದವರ ಹೆಸರನ್ನೂ ಹೊರಡಿಸಿದ ವೇಳೆಯನ್ನೂ ಬರೆದುಕೊಂಡು, ಅಂದೇ ಸಂಜೆಯೊಳಗೆ ಅರ್ಜಿ ಸಲ್ಲಿಸಬೇಕು. ಕೊಡದಿದ್ದರೆ, ಕೊಡಲಿಲ್ಲವೆಂಬುದನ್ನೇ ಅರ್ಜಿಯ ಮೊದಲನೆಯ ಸಾಲಿನಲ್ಲಿ ಬರೆಯಬೇಕು.